ಎಡ ಮೊಣಕಾಲಿನ ಹಿಂದೆ

ಗುರುಗಳು ಮುಟ್ಟಿದ್ದು ಜೇಡಿಮಣ್ಣನ್ನು ಮಾತ್ರ.
ಅದೂ ಹನ್ನೊಂದು ದಿನ, ಬೆಳಗಿನ ಹೊತ್ತು;
ಒದ್ದೆ ಬಟ್ಟೆ ಹೊದಿಸಿ ಊಟಕ್ಕೆ ಎದ್ದರೆ
ಮತ್ತೆ ಕಾಣುವುದು ಮರುದಿನವೇ.
ಆಮೇಲೆ ಗಾರೆಯ ಅಚ್ಚು,
ಅಚ್ಚಿನ ಮೈತುಂಬ ಕಂಚಿನ ಮೊಳೆ, ಅಳತೆಗೆ.
ಆರೋಗ್ಯದೇವತೆಗೇ ಸಿಡುಬು! ಎಂದು ನಾನೇ ನಕ್ಕೆ.
ಯಾರೂ ನಗಲಿಲ್ಲ. ಆ ವರ್ಷ
ನದಿಯಾಚೆ ತ್ರಾಸ್ತೆವೆರೆಯಲ್ಲಿ ಮಕ್ಕಳು ಸತ್ತಿದ್ದವು.

ಕಲ್ಲು ಬಂದದ್ದು ಕರಾರಾದ ಬೆಟ್ಟದಿಂದ:
ಸಾಬೂನು ಬಳಿದ ದಿಮ್ಮಿಗಳ ಮೇಲೆ ಜಾರಿ,
ಹದಿನಾಲ್ಕು ಜೋಡಿ ಎತ್ತು ಎಳೆದು, ಹಡಗು ಹತ್ತಿ,
ಟೈಬರಿನ ದಡದುದ್ದಕ್ಕೂ ಎಮ್ಮೆಗಳು ಜಗ್ಗಿದ ದೋಣಿಯಲ್ಲಿ.
ರೋಮಿನ ಈ ಅಂಗಳದಲ್ಲಿ ಇಳಿಸಿದಾಗ
ದೇವತೆಯ ಸುಳಿವೂ ಇರಲಿಲ್ಲ.
ಒಲೆ ಹೊತ್ತಿಸದ ಅಡುಗೆಮನೆಯ ಹಾಗೆ ತಣ್ಣಗಿತ್ತು.

ಎಜಿಸ್ತೊ ತೂಗುಗುಂಡು ಇಳಿಬಿಟ್ಟ, ಅಳೆದ, ಕೊರೆದ.
ಮೂಗಿನ ತುದಿ ಇಷ್ಟು ಆಳದಲ್ಲಿದೆ,
ಹೆಬ್ಬೆರಳು ಇನ್ನೂ ಕೆಳಗೆ,
ಬಾವಿ ತೋಡುವವನ ಮಾತು ಅವನದು,
ನಡುನಡುವೆ ಕೆಮ್ಮು.
ಬಿಳಿ ಹುಬ್ಬು, ಬಿಳಿ ರೆಪ್ಪೆ, ಬಿಳಿ ಉಗುಳು.

ಹಾವನ್ನು ಕೆತ್ತಿದ್ದು ನೆಲ್ಲೊ, ಹದಿನೈದರ ಹುಡುಗ.
ಗುರುಗಳ ಹಾವು ಹಗ್ಗದಂತಿದೆ ಎಂದು
ಜೌಗಿನಿಂದ ಒಂದನ್ನು ಬುಟ್ಟಿಯಲ್ಲಿ ತಂದ.
ಮೂರು ದಿನ ಅದು ಮಣೆಯ ಕೆಳಗಿತ್ತು.
ನಾಲ್ಕನೆಯ ದಿನ ಇರಲಿಲ್ಲ.
ಈಗಲೂ ನಾನು ಬೂಟನ್ನು ಕೊಡವಿಯೇ ಕಾಲಿಗೆ ಹಾಕುವುದು.

ಕೊನೆಗೆ ಅವಳು ನನ್ನ ಕೈಗೆ ಬಂದಳು.
ನೊರೆಗಲ್ಲು, ಒದ್ದೆ ಚರ್ಮ, ಸುಟ್ಟ ಹುಲ್ಲಿನ ಬೂದಿ,
ಕಡೆಗೆ ಬರೀ ಅಂಗೈ. ನಾಲ್ಕು ತಿಂಗಳು.
ರಾತ್ರಿ ಒಂದೇ ಮೇಣದಬತ್ತಿಯನ್ನು ಓರೆಯಾಗಿ ಹಿಡಿದರೆ
ಹಗಲು ಮುಚ್ಚಿಟ್ಟ ತಪ್ಪುಗಳೆಲ್ಲ
ನೆರಳು ಚಾಚಿ ಎದ್ದು ನಿಲ್ಲುತ್ತವೆ.
ಹಾಗೆ ಹಿಡಿದ ಒಂದು ರಾತ್ರಿ
ಎಡ ಮೊಣಕಾಲಿನ ಹಿಂದೆ
ಉಜ್ಜಿದಷ್ಟೂ ಮೇಲೆದ್ದು ಬರುವ ಗೆರೆ.
ಬೂದು ಗೆರೆ, ಬೆಟ್ಟವೇ ಎಳೆದದ್ದು,
ನಡುವೆ ಕವಲೊಡೆದು ಮೀನಖಂಡದತ್ತ ಇಳಿದದ್ದು.

ಮುಚ್ಚು, ಎಂದರು ಗುರುಗಳು. ಮೇಣ, ರಾಳ, ಕಲ್ಲಿನ ಹಿಟ್ಟು.
ಪ್ರಭುಗಳು ಇಂಗ್ಲೆಂಡಿನಿಂದ ಹೊರಟಾಗಿದೆ.
ದೇವತೆಗಳಿಗೆ ನರ ಇರುವುದಿಲ್ಲ, ಜೆಫಿರೀನೊ.

ಮನೆಗೆ ಬಂದೆ. ಒರ್ಸೊಲಾ,
ಇಪ್ಪತ್ತೆರಡು ವರ್ಷ ಕಲ್ಲುತೊಟ್ಟಿಯೆದುರು ನಿಂತು
ಕಂಡವರ ಹಾಸಿಗೆಬಟ್ಟೆ ಒಗೆದವಳು,
ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟು ಕೂತಿದ್ದಳು,
ಲಂಗ ಮೊಣಕಾಲಿನ ಮೇಲೆ.
ನಾನು ದೀಪವನ್ನು ಓರೆಯಾಗಿ ಹಿಡಿದೆ.
ಏನು ನೋಡ್ತೀಯ? ಎಂದಳು.
ಕೆಲಸ, ಎಂದೆ.

ಮರುದಿನ ಮೇಣ ಕಾಯಿಸಿದೆ. ನಾನು ಧೀರನಲ್ಲ.
ಮುಚ್ಚಿದೆ. ಚೆನ್ನಾಗಿಯೇ ಮುಚ್ಚಿದೆ.
ರಾಳ ಮಾತ್ರ ಒಂದು ಚಿಟಿಕೆ ಕಡಿಮೆಯಾಯಿತು.
ಮರೆತೋ, ಬೇಕೆಂದೋ;
ಕೇಳುವವರು ಯಾರೂ ಇರಲಿಲ್ಲ,
ನಾನೂ ಕೇಳಿಕೊಳ್ಳಲಿಲ್ಲ.

ಪೀಠದ ಮೇಲೆ ಗುರುಗಳ ಹೆಸರು;
ಕೊರೆದವನಿಗೆ ಅಕ್ಷರ ಬರುವುದಿಲ್ಲ.
ನಲವತ್ತು ಬತ್ತಿಗಳ ಬೆಳಕಲ್ಲಿ ಪ್ರಭುಗಳು ಒಂದು ಸುತ್ತು ಬಂದರು.
ನಿಷ್ಕಳಂಕ, ಎಂದರಂತೆ, ಫ್ರೆಂಚಿನಲ್ಲಿ.
ಹುಲ್ಲು ತುಂಬಿದ ಪೆಟ್ಟಿಗೆಗೆ ನಾವೇ ಮೊಳೆ ಹೊಡೆದೆವು.
ವಸಂತದಲ್ಲಿ ಎಜಿಸ್ತೊ ಹೋದ.
ಅವಳ ಮೈಯಿಂದ ಉದುರಿದ ಹಿಟ್ಟು ಇನ್ನೂ ಅರ್ಧ ಮೂಟೆ ಇದೆ;
ಒರ್ಸೊಲಾ ಅದರಲ್ಲೇ ಪಾತ್ರೆ ತಿಕ್ಕುತ್ತಾಳೆ.

ಆ ನಾಡಿನಲ್ಲಿ ಭಾರೀ ಚಳಿಯಂತೆ.
ದೇವತೆಯನ್ನು ಅಗ್ಗಿಷ್ಟಿಕೆಯ ಪಕ್ಕ ನಿಲ್ಲಿಸಿದ್ದಾರಂತೆ.
ಎಷ್ಟು ಚಳಿಗಾಲ ಬೇಕಾದೀತು?
ನಿದ್ದೆ ಬಾರದ ರಾತ್ರಿ ಲೆಕ್ಕ ಹಾಕುತ್ತೇನೆ:
ಬೆಂಕಿಗೆ ಬೆನ್ನು ಹಾಕಿ ನಿಂತವಳ ಕಾಲ ಹಿಂದೆ
ಮೇಣ ಮೆತ್ತಗಾಗಿ ಒಂದು ಹನಿ ಜಾರುವುದು,
ಬೂದಿ ಬಳಿಯಲು ಬಂದ ಯಾವಳೋ ಹುಡುಗಿ
ಮಂಡಿಯೂರಿದವಳು, ಉಗುರಿನಿಂದ ಅದನ್ನು ಕೆರೆಯುವುದು,
ಒಳಗಿನ ಗೆರೆ ಕಂಡದ್ದೇ
ತಟ್ಟನೆ ಕೈ ಹಿಂತೆಗೆಯುವುದು,
ಬಿಸಿಯಿದೆಯೇನೋ ಎಂಬ ಹಾಗೆ.